ಊರಿಗೆ ಹೋಗಲು ಅಪ್ಪಣೆ

ಬ್ರಿಟಿಷ್ ಅಧಿಕಾರಿಗಳ ರಜೆಯ ಕಥೆಯಲ್ಲಿ ಹಡಗಿದೆ, ಮರುಭೂಮಿಯಿದೆ, ತಾಯಿ ಮಕ್ಕಳ ಅಗಲಿಕೆಯಿದೆ. ನಮ್ಮ ಕಚೇರಿಗಳಲ್ಲಿ ಇಂದಿಗೂ ತುಂಬುವ ರಜಾ ಅರ್ಜಿಯ ಬೇರು ಕೂಡ ಅಲ್ಲೇ ಇದೆ.

ಕೆಂಪು ಸಮುದ್ರದ ತುದಿಯಲ್ಲಿ ಸೂಯೆಜ್ ಎಂಬ ಪಟ್ಟಣವಿದೆ. 1861ರ ಏಪ್ರಿಲ್ 23ರಂದು ಅಲ್ಲಿ 85 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅರವತ್ತು ವರ್ಷ ದುಡಿದ ಭಾರತವನ್ನು ಹಿಂದೆ ಬಿಟ್ಟು ಹುಟ್ಟೂರಿನತ್ತ ಹೊರಟಿದ್ದರು. ಅರ್ಧ ದಾರಿಯಲ್ಲೇ ಉಸಿರು ನಿಂತಿತು.

ಅವರು ಸರ್ ಮಾರ್ಕ್ ಕಬ್ಬನ್. ಬೆಂಗಳೂರಿನವರು ದಿನಕ್ಕೆ ಹತ್ತು ಸಲ ಉಚ್ಚರಿಸುವ ಹೆಸರು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೇನೆಯ ಕೆಡೆಟ್ ಆಗಿ ಭಾರತಕ್ಕೆ ಬಂದವರು, 1834ರಿಂದ 1861ರವರೆಗೆ ಮೈಸೂರು ಸಂಸ್ಥಾನದ ಆಡಳಿತವನ್ನು ಕಮಿಷನರ್ ಆಗಿ ನಡೆಸಿದರು. ಮದುವೆಯಾಗಲಿಲ್ಲ. ಬೇಸಿಗೆ ಬಂದರೆ ನಂದಿಬೆಟ್ಟದ ಬಂಗಲೆಗೆ ಹೋಗುತ್ತಿದ್ದರು. ಆರೋಗ್ಯ ಕೆಟ್ಟು ಹುದ್ದೆ ಬಿಟ್ಟಾಗ ಹುಟ್ಟಿದ ದ್ವೀಪವಾದ ಐಲ್ ಆಫ್ ಮ್ಯಾನ್ ನೆನಪಾಯಿತು. ಕೊನೆಗೆ ಆ ಊರು ತಲುಪಿದ್ದು ಅವರ ದೇಹ ಮಾತ್ರ. ಅಲ್ಲಿಯೇ ಮಣ್ಣಾಯಿತು.

ಶಿಲ್ಪಿ ಮರೊಕೆಟ್ಟಿ ಮಾಡಿದ ಅವರ ಕುದುರೆ ಸವಾರಿಯ ಪ್ರತಿಮೆ ಬಹುಕಾಲ ಹೈಕೋರ್ಟಿನ ಮುಂದಿತ್ತು. 2020ರಲ್ಲಿ ಅದನ್ನು ಕಬ್ಬನ್ ಪಾರ್ಕಿನೊಳಕ್ಕೆ ಸಾಗಿಸಿದರು. ಆ ಪ್ರತಿಮೆಯ ಮುಂದೆ ನಿಂತಾಗಲೆಲ್ಲ ನನ್ನನ್ನು ಕಾಡುವುದು ಅವರ ಆಡಳಿತವಲ್ಲ, ಆ ಕೊನೆಯ ಪಯಣ. ಒಂದು ಸಾಮ್ರಾಜ್ಯ ತನ್ನ ನೌಕರರನ್ನು ಸಾವಿರಾರು ಮೈಲಿ ದೂರಕ್ಕೆ ಕಳಿಸುತ್ತದೆ. ಅವರು ಯಾವಾಗ ಮನೆಗೆ ಹೋಗಬಹುದು? ಎಷ್ಟು ದಿನ ಇರಬಹುದು? ಹಡಗಿನ ಟಿಕೆಟ್ಟಿನ ದುಡ್ಡು ಯಾರದು? ಈ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಆ ಸಾಮ್ರಾಜ್ಯ ಯಾರನ್ನು ಮನೆಮಠ ಇರುವ ಮನುಷ್ಯ ಎಂದು ಎಣಿಸಿತು, ಯಾರನ್ನು ಎಣಿಸಲಿಲ್ಲ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಮೂರು ಮಾತು, ಒಂದೇ ಅರ್ಥ

ಮೊದಲು ಮಾತಿನ ಬೇರು ನೋಡೋಣ. ನಾವು ಕನ್ನಡದಲ್ಲಿ ‘ರಜೆ’ ಎನ್ನುತ್ತೇವೆ. ಅರಬ್ಬಿಯಿಂದ ಪಾರಸಿಗೆ, ಅಲ್ಲಿಂದ ಮರಾಠಿಯ ‘ರಜಾ’ ಮೂಲಕ ನಮ್ಮಲ್ಲಿಗೆ ಬಂದ ಪದ ಇದು. ಮೂಲದಲ್ಲಿ ಇದಕ್ಕೆ ಸಮ್ಮತಿ, ಒಪ್ಪಿಗೆ ಎಂದರ್ಥ. ಬ್ರಿಟಿಷ್ ಅಧಿಕಾರಿಗಳ ದೀರ್ಘ ರಜೆಗೆ ‘ಫರ್ಲೋ’ ಎಂಬ ಹೆಸರಿತ್ತು. ಅದು ಡಚ್ಚರ ‘ಫೆರ್ಲೋಫ್’ನಿಂದ ಬಂದದ್ದು, ಅದರ ಅರ್ಥವೂ ಅಪ್ಪಣೆ. ನಮ್ಮ ಕಚೇರಿಗಳಲ್ಲಿ ದಿನವೂ ಕೇಳುವ ‘ಲೀವ್’ ಎಂಬ ಇಂಗ್ಲಿಷ್ ಪದದ ಹಳೆಯ ಅರ್ಥವೂ ಅದೇ. ಮೂರು ನುಡಿಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಕಡೆ ಬಂದು ನಿಂತಿವೆ: ರಜೆ ಎಂದರೆ ಮೇಲಿನವರು ಕೊಡುವ ಅಪ್ಪಣೆ.

ಇನ್ನೊಂದು ಪದ ನಮಗೆ ಇನ್ನೂ ಹತ್ತಿರದ್ದು. ಕಂಪನಿಯ ಸೇನೆಯಲ್ಲಿ ಊರು ಬಿಟ್ಟು ಕೆಲಸ ಮಾಡುವವರಿಗೆ ಸಂಬಳದ ಮೇಲೆ ‘ಬಟ್ಟಾ’ ಎಂಬ ಹೆಚ್ಚುವರಿ ಹಣ ಸಿಗುತ್ತಿತ್ತು. ಅದಕ್ಕಾಗಿ ದೊಡ್ಡ ಜಗಳಗಳೇ ನಡೆದವು. 1766ರಲ್ಲಿ ಕ್ಲೈವ್ ಬಂಗಾಳದಲ್ಲಿ ‘ಡಬಲ್ ಬಟ್ಟಾ’ ನಿಲ್ಲಿಸಿದಾಗ ಬಿಳಿಯ ಅಧಿಕಾರಿಗಳೇ ತಿರುಗಿಬಿದ್ದರು. 1828ರಲ್ಲಿ ಬೆಂಟಿಂಕ್ ಬಟ್ಟಾವನ್ನು ಅರ್ಧಕ್ಕೆ ಇಳಿಸಿದಾಗಲೂ ಸೇನೆ ಕುದಿಯಿತು. ಈ ಪದದ ಮೂಲ ಹುಡುಕುತ್ತ ಹೋದ ‘ಹಾಬ್ಸನ್-ಜಾಬ್ಸನ್’ ನಿಘಂಟು (1886) ನಮ್ಮ ಕರಾವಳಿಯತ್ತ, ಕನ್ನಡದ ‘ಭತ್ತ’ದತ್ತ ಬೆರಳು ತೋರಿಸುತ್ತದೆ. ಹೊರಗೆ ಹೋದವನ ಊಟದ ಖರ್ಚು ಎಂಬ ಅರ್ಥ ಅದಕ್ಕೆ ಹೊಂದುತ್ತದೆ. ನಮ್ಮ ಪ್ರಯಾಣ ಭತ್ಯೆ, ದಿನ ಭತ್ಯೆ, ತುಟ್ಟಿ ಭತ್ಯೆಗಳನ್ನು ಕೇಳುವಾಗ ಗದ್ದೆಯ ವಾಸನೆ ಬಂದರೆ ಅಚ್ಚರಿಪಡಬೇಕಿಲ್ಲ.

ಅರ್ಧ ವರ್ಷದ ಹಾದಿ

ಹದಿನೆಂಟನೇ ಶತಮಾನದಲ್ಲಿ ಲಂಡನ್ನಿನಿಂದ ಭಾರತಕ್ಕೆ ಬರುವ ಹಾಯಿಹಡಗು ಇಡೀ ಆಫ್ರಿಕಾವನ್ನು ಸುತ್ತಿಕೊಂಡು ಬರಬೇಕಿತ್ತು. ಐದಾರು ತಿಂಗಳು ನೀರಿನ ಮೇಲೆಯೇ ಕಳೆಯುತ್ತಿತ್ತು. ಗಾಳಿ ಕೈಕೊಟ್ಟರೆ ಇನ್ನೂ ಹೆಚ್ಚು. ಮದ್ರಾಸಿಗೆ ಬಂದರೂ ಬಂದರಿರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು. ಮೊಳೆ ಬಳಸದೆ ತೆಂಗಿನ ನಾರಿನಿಂದ ಹಲಗೆ ಹೊಲಿದು ಮಾಡಿದ ಮಸುಲ ದೋಣಿಗಳಲ್ಲಿ ಅಲೆಗಳನ್ನು ದಾಟಿಸಿ, ಸ್ಥಳೀಯ ಅಂಬಿಗರು ಪ್ರಯಾಣಿಕರನ್ನು ದಡ ಮುಟ್ಟಿಸುತ್ತಿದ್ದರು. ಕಬ್ಬಿಣದ ಮೊಳೆಯ ದೋಣಿ ಆ ಅಲೆಗಳ ಹೊಡೆತಕ್ಕೆ ಸೀಳಿಹೋಗುತ್ತಿತ್ತು. ಹೊಲಿಗೆಯ ದೋಣಿ ಬಾಗುತ್ತ ಬಳುಕುತ್ತ ದಾಟುತ್ತಿತ್ತು.

ಹೋಗಿಬರುವುದಕ್ಕೇ ಒಂದು ವರ್ಷ ಬೇಕಾದಾಗ ರಜೆ ಎಂಬುದು ಬದುಕಿನಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ ಬರುವ ಮಾತಾಗಿತ್ತು. 1796ರ ಸುಧಾರಣೆಗಳಲ್ಲಿ ಕಂಪನಿಯ ಸೇನಾಧಿಕಾರಿಗಳಿಗೆ ಸಂಬಳ ಸಹಿತ ಫರ್ಲೋ ಸಿಕ್ಕಿತು. ಅದಕ್ಕೆ ಮೊದಲು ತಾಯ್ನಾಡಿಗೆ ಹೋಗುವವನು ಸಂಬಳದ ಆಸೆ ಬಿಟ್ಟೇ ಹಡಗು ಹತ್ತಬೇಕಿತ್ತು.

ಥಾಮಸ್ ಮನ್ರೋ ಅವರ ಬದುಕು ಇದಕ್ಕೆ ಕನ್ನಡಿ. 1780ರಲ್ಲಿ ಮದ್ರಾಸಿಗೆ ಬಂದರು. ಟಿಪ್ಪು ಪತನವಾದ ಮೇಲೆ 1799ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರ್ ಆದರು. ನಮ್ಮ ಕರಾವಳಿಯ ಎಡೆಬಿಡದ ಮಳೆಗೆ ಬೇಸತ್ತು ತಮ್ಮನ್ನು ಬೇರೆಡೆಗೆ ಕಳಿಸಿ ಎಂದು ಕೇಳಿಕೊಂಡರು. ಅಲ್ಲಿಂದ ಬಳ್ಳಾರಿ ಸೇರಿದ ದತ್ತ ಮಂಡಲಗಳಿಗೆ ಹೋದರು. ಅವರು ಮೊದಲ ಸಲ ಊರ ಕಡೆ ಮುಖ ಮಾಡಿದ್ದು 1807ರಲ್ಲಿ. ಹದಿಹರೆಯದಲ್ಲಿ ಮನೆಬಿಟ್ಟು ಬಂದವರು 27 ವರ್ಷಗಳ ಮೇಲೆ, ನಡುವಯಸ್ಸಿನ ಮನುಷ್ಯರಾಗಿ ಮರಳಿದರು.

ಎರಡನೆಯ ಬಾರಿಯ ಕಥೆ ಇನ್ನೂ ನೋವಿನದು. ಮದ್ರಾಸಿನ ಗವರ್ನರ್ ಆಗಿದ್ದ ಮನ್ರೋ ಹುದ್ದೆಯಿಂದ ಬಿಡುಗಡೆ ಕೇಳಿದ್ದರು. ಅಷ್ಟರಲ್ಲಿ ಬರ್ಮಾ ಯುದ್ಧ ಶುರುವಾಯಿತು, ಉಳಿಯಬೇಕಾಯಿತು. 1826ರಲ್ಲಿ ಹೆಂಡತಿ ಚಿಕ್ಕ ಮಗನನ್ನು ಕರೆದುಕೊಂಡು ಮೊದಲೇ ಇಂಗ್ಲೆಂಡಿಗೆ ಹೋದರು. ಹೊರಡುವ ಮುನ್ನ ತಾವು ದುಡಿದ ದತ್ತ ಮಂಡಲಗಳನ್ನು ಕೊನೆಯದಾಗಿ ನೋಡಿಬರುತ್ತೇನೆಂದು ಮನ್ರೋ ಪ್ರವಾಸ ಹೊರಟರು. ದಾರಿಯಲ್ಲಿ ಕಾಲರಾ ತಗುಲಿತು. 1827ರ ಜುಲೈ 6ರಂದು, ಈಗಿನ ಕರ್ನೂಲು ಜಿಲ್ಲೆಯ ಪತ್ತಿಕೊಂಡದಲ್ಲಿ ತೀರಿಕೊಂಡರು. ಗವರ್ನರ್ ಆದವರಿಗೂ ಊರಿಗೆ ಹೋಗುವ ದಿನ ತಮ್ಮ ಕೈಯಲ್ಲಿರಲಿಲ್ಲ.

ಆ ಕಾಲದ ನಿಯಮದಲ್ಲಿ ಒಂದು ವಿಚಿತ್ರ ತೊಡಕಿತ್ತು. ಕಾಯಿಲೆಯೆಂದು ಯುರೋಪಿಗೆ ಹೋದರೆ ಅಧಿಕಾರಿ ತನ್ನ ಹುದ್ದೆಯನ್ನು ಕಳೆದುಕೊಳ್ಳುತ್ತಿದ್ದ. ಆಫ್ರಿಕಾದ ತುದಿಯ ಕೇಪ್‌ಗೋ, ನೀಲಗಿರಿಯಂಥ ಬೆಟ್ಟಕ್ಕೋ ಹೋದರೆ ಹುದ್ದೆ ಉಳಿಯುತ್ತಿತ್ತು. ಹಾಗಾಗಿ ಜ್ವರದಲ್ಲಿ ಬೆಂದವರು ತಾಯಿ ತಂದೆ ಇದ್ದ ಊರಿಗೆ ಹೋಗದೆ, ಗುರುತು ಪರಿಚಯವಿಲ್ಲದ ಕೇಪ್ ಟೌನಿನಲ್ಲಿ ತಿಂಗಳುಗಟ್ಟಲೆ ಇದ್ದು ಚೇತರಿಸಿಕೊಳ್ಳುತ್ತಿದ್ದರು. ಊಟಿ ಬೆಳೆದದ್ದಕ್ಕೂ ಇದು ಒಂದು ಕಾರಣ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿ ಹತ್ತಿದ ಮೇಲೆ, ಆ ಬೆಟ್ಟ ಇಡೀ ಮದ್ರಾಸ್ ಪ್ರಾಂತ್ಯದ ಕಾಯಿಲೆಯವರ ಆಸರೆಯಾಯಿತು. 1850ರ ದಶಕದಲ್ಲಿ ನಿಯಮ ಸಡಿಲವಾಗಿ, ಯುರೋಪಿಗೆ ಹೋದವರಿಗೂ ಹುದ್ದೆ ಉಳಿಸಿಕೊಳ್ಳುವ ದಾರಿ ತೆರೆಯಿತು.

ಮರಳುಗಾಡಿನ ಅಡ್ಡದಾರಿ

ದೂರವನ್ನು ಮುರಿದದ್ದು ಹಬೆ. ಮುಂಬೈಯಲ್ಲಿಯೇ ಕಟ್ಟಿದ ‘ಹ್ಯೂ ಲಿಂಡ್ಸೆ’ ಎಂಬ ಪುಟ್ಟ ಹಬೆಹಡಗು 1830ರ ಮಾರ್ಚಿನಲ್ಲಿ ಅಲ್ಲಿಂದ ಹೊರಟು ಸುಮಾರು ಒಂದು ತಿಂಗಳಲ್ಲಿ ಸೂಯೆಜ್ ತಲುಪಿತು. ಹೊತ್ತ ಕಲ್ಲಿದ್ದಲೇ ಹಡಗಿನ ತುಂಬ ಇತ್ತು, ಜನರಿಗೆ ಜಾಗ ಅಷ್ಟಕ್ಕಷ್ಟೆ. ಆದರೂ ದಾರಿ ಇದೆ ಎಂಬುದು ಖಾತ್ರಿಯಾಯಿತು. ಥಾಮಸ್ ವಾಗ್‌ಹಾರ್ನ್ ಎಂಬ ಹಟಮಾರಿ ನಾವಿಕ ಈಜಿಪ್ಟಿನ ಮೂಲಕ ಟಪಾಲು ಸಾಗಿಸಿ ತೋರಿಸಿದ. 1842ರಲ್ಲಿ ಪಿ ಅಂಡ್ ಓ ಕಂಪನಿಯ ‘ಹಿಂದೂಸ್ತಾನ್’ ಹಡಗು ಸೌತಾಂಪ್ಟನ್ನಿನಿಂದ ಕಲ್ಕತ್ತೆಗೆ ಹೊರಟಿತು, ಸೂಯೆಜ್ ಮತ್ತು ಭಾರತದ ನಡುವೆ ಓಡಾಡಲೆಂದು.

ಈ ಮಾರ್ಗದಲ್ಲಿ ಪ್ರಯಾಣಿಕರು ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ಕಾಲುವೆ ಮತ್ತು ನೈಲ್ ನದಿಯಲ್ಲಿ ಕೈರೋ ಸೇರುತ್ತಿದ್ದರು. ಅಲ್ಲಿಂದ ಸೂಯೆಜ್‌ಗೆ ಸುಮಾರು 84 ಮೈಲಿ ಮರಳುಗಾಡು. ಎರಡು ಗಾಲಿಯ ಗಾಡಿಯಲ್ಲಿ ಆರು ಜನ, ಮುಂದೆ ಕುದುರೆ ಅಥವಾ ಹೇಸರಗತ್ತೆ. ಪೆಟ್ಟಿಗೆಗಳೆಲ್ಲ ಒಂಟೆಯ ಮೇಲೆ. ಒಂಟೆಯ ಎರಡು ಮಗ್ಗುಲಿಗೆ ತೂಗುವ ಅಳತೆಗೆ ಪೆಟ್ಟಿಗೆ ಮಾಡಿಸಿಕೊಳ್ಳಬೇಕಿತ್ತು. ಆಚೆ ಕಡೆ ಕಾದ ಹಡಗಿಗೆ ಬೇಕಾದ ಕಲ್ಲಿದ್ದಲೂ ಒಂಟೆಯ ಬೆನ್ನೇರಿಯೇ ಹೋಗುತ್ತಿತ್ತು. 1858ರಲ್ಲಿ ಕೈರೋದಿಂದ ಸೂಯೆಜ್‌ಗೆ ರೈಲು ಬಂತು. ಕಬ್ಬನ್ ಅಲ್ಲಿ ಕೊನೆಯುಸಿರೆಳೆದಾಗ ಕಾಲುವೆ ತೋಡುವ ಕೆಲಸ ಶುರುವಾಗಿ ಎರಡು ವರ್ಷವಾಗಿತ್ತು. 1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯಿತು. ಆಫ್ರಿಕಾ ಸುತ್ತಿ ಸುಮಾರು 10,700 ನಾಟಿಕಲ್ ಮೈಲಿಯಿದ್ದ ಲಂಡನ್-ಮುಂಬೈ ಹಾದಿ 6,200ರ ಆಸುಪಾಸಿಗೆ ಇಳಿಯಿತು. ಅವಸರದವರು ಇಟಲಿಯ ಬ್ರಿಂಡಿಸಿಯಲ್ಲೋ ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲೋ ಹಡಗು ಬಿಟ್ಟು ರೈಲು ಹಿಡಿದರೆ ಇನ್ನಷ್ಟು ದಿನ ಉಳಿಯುತ್ತಿತ್ತು.

ಹಡಗು ಹತ್ತುವ ಶಿಸ್ತು ಕೂಡ ಒಂದು ಲೋಕ. ಪೆಟ್ಟಿಗೆಗಳಿಗೆ ಬೇರೆ ಬೇರೆ ಚೀಟಿ ಅಂಟಿಸುತ್ತಿದ್ದರು: ಕೋಣೆಯಲ್ಲಿ ಬೇಕಾದದ್ದು, ದಾರಿಯಲ್ಲಿ ಬೇಕಾಗಬಹುದಾದದ್ದು, ದಾರಿಯಲ್ಲಿ ಬೇಡವಾದದ್ದು. ಏಡನ್‌ನಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳುವಾಗ ಇಡೀ ಹಡಗು ಮಸಿಯಾಗುತ್ತಿತ್ತು. ಪೋರ್ಟ್ ಸೈದ್‌ನ ಅಂಗಡಿಗಳಲ್ಲಿ, ಹೊಸದಾಗಿ ಬರುವವರು ಬಿಸಿಲಿನ ಟೋಪಿ ಕೊಳ್ಳುತ್ತಿದ್ದರು. ನಮ್ಮ ನಗರಗಳಲ್ಲಿ ‘ಪಾಷ್ ಏರಿಯಾ’ ಎನ್ನುತ್ತೇವಲ್ಲ, ಆ ಪದವೂ ಈ ಹಡಗುಗಳಿಂದ ಬಂತೆಂಬ ಕಥೆ ಜನಪ್ರಿಯ. ಬರುವಾಗ ಎಡಗಡೆ, ಹೋಗುವಾಗ ಬಲಗಡೆ ನೆರಳಿರುವ ಕೋಣೆಗಳ ಟಿಕೆಟ್ಟಿನ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ನಾಲ್ಕು ಮೊದಲಕ್ಷರ ಒತ್ತುತ್ತಿದ್ದರಂತೆ. ಅಂಥ ಟಿಕೆಟ್ ಒಂದೂ ಸಿಕ್ಕಿಲ್ಲ, ಕಥೆಗೆ ಆಧಾರವಿಲ್ಲ. ಆದರೆ ನೆರಳಿನ ಕೋಣೆಗೆ ಇದ್ದ ಬೇಡಿಕೆ ಮಾತ್ರ ನಿಜ. ಕೆಂಪು ಸಮುದ್ರದ ಸೆಕೆಯಲ್ಲಿ ಜನ ಹಾಸಿಗೆ ಎತ್ತಿಕೊಂಡು ಅಟ್ಟದ ಮೇಲೆ ಮಲಗುತ್ತಿದ್ದರು.

ದಾರಿ ಹತ್ತಿರವಾದಂತೆ ಒಂದು ಹೊಸ ಸಂಕಟ ಬೆಳೆಯಿತು. ಹೆಂಡತಿ ಮಕ್ಕಳನ್ನು ಕರೆತರುವುದು ಸುಲಭವಾಯಿತು, ಮಕ್ಕಳನ್ನು ಓದಿಗೆಂದು ವಾಪಸ್ ಕಳಿಸುವುದೂ ವಾಡಿಕೆಯಾಯಿತು. ರಡ್ಯಾರ್ಡ್ ಕಿಪ್ಲಿಂಗ್ ಹುಟ್ಟಿದ್ದು ಮುಂಬೈಯಲ್ಲಿ. ತಂದೆ ಜೆ.ಜೆ. ಕಲಾಶಾಲೆಯ ಮೇಷ್ಟ್ರು. 1871ರಲ್ಲಿ, ಇನ್ನೂ ಐದು ವರ್ಷದ ಹುಡುಗನನ್ನೂ ಮೂರು ವರ್ಷದ ತಂಗಿಯನ್ನೂ ಇಂಗ್ಲೆಂಡಿನ ಸೌತ್‌ಸೀಯಲ್ಲಿ ಹಣ ಪಡೆದು ಮಕ್ಕಳನ್ನು ಸಾಕುವವರ ಮನೆಯಲ್ಲಿ ಬಿಟ್ಟು ತಂದೆ ತಾಯಿ ಭಾರತಕ್ಕೆ ಮರಳಿದರು. ತಾಯಿ ಮತ್ತೆ ಬಂದು ಕರೆದೊಯ್ಯುವ ಹೊತ್ತಿಗೆ ಐದೂವರೆ ವರ್ಷ ಕಳೆದಿತ್ತು. ಆ ಮನೆಯಲ್ಲಿ ಪಟ್ಟ ಪಾಡನ್ನು ಕಿಪ್ಲಿಂಗ್ ದೊಡ್ಡವರಾದ ಮೇಲೂ ಮರೆಯಲಿಲ್ಲ, ಅದನ್ನೇ ಕಥೆಯಾಗಿ ಬರೆದರು. ಇಂಥ ಮಕ್ಕಳು ಎಷ್ಟೋ ಮಂದಿ. ತಂದೆಯ ಫರ್ಲೋ ಬಂದಾಗ ಮನೆ ಬಾಗಿಲಿಗೆ ಬಂದ ಗಂಡಸು ಯಾರೆಂದು ಗುರುತೇ ಸಿಗದೆ ನಿಂತ ಮಗುವನ್ನು ಊಹಿಸಿಕೊಂಡರೆ ಕರುಳು ಚುರ್ ಎನ್ನುತ್ತದೆ.

ನಿಯಮಪುಸ್ತಕದೊಳಗಿನ ಎರಡು ಜಾತಿ

ಕಂಪನಿ ಹೋಗಿ ರಾಣಿಯ ಆಡಳಿತ ಬಂದ ಮೇಲೆ ರಜೆ ಒಂದು ದೊಡ್ಡ ನಿಯಮಶಾಸ್ತ್ರವಾಗಿ ಬೆಳೆಯಿತು. ಐಸಿಎಸ್ (ಇಂಡಿಯನ್ ಸಿವಿಲ್ ಸರ್ವಿಸ್) ಅಧಿಕಾರಿಗೆ 25 ವರ್ಷಗಳ ಸೇವೆಯ ಮೇಲೆ ವರ್ಷಕ್ಕೆ 1,000 ಪೌಂಡ್ ಪಿಂಚಣಿ. ಆ 25ರಲ್ಲಿ 21 ವರ್ಷ ಕೆಲಸ ಮಾಡಿದರೆ ಸಾಕು, ಉಳಿದ 4 ವರ್ಷ ಫರ್ಲೋ ಎಂದು ಲೆಕ್ಕ. ಇದರ ಜೊತೆಗೆ ಹನ್ನೊಂದು ತಿಂಗಳು ದುಡಿದರೆ ಒಂದು ತಿಂಗಳು ಪೂರ್ತಿ ಸಂಬಳದ ‘ಪ್ರಿವಿಲೇಜ್ ಲೀವ್’. ಅದನ್ನು ಕೂಡಿಟ್ಟು ಫರ್ಲೋದ ಜೊತೆ ಸೇರಿಸಿದರೆ, ಮೊದಲ ತಿಂಗಳುಗಳು ಪೂರ್ತಿ ಸಂಬಳದಲ್ಲಿ, ಆಮೇಲಿನದು ಅರ್ಧ ಸಂಬಳದಲ್ಲಿ ಕಳೆಯುತ್ತಿದ್ದವು.

ಈ ನಿಯಮಪುಸ್ತಕದಲ್ಲಿ ಎರಡು ಭಾಗಗಳಿದ್ದವು. ಒಂದರ ಹೆಸರು ಯುರೋಪಿಯನ್ ಸೇವೆಗಳ ರಜಾ ನಿಯಮ, ಇನ್ನೊಂದರ ಹೆಸರು ಭಾರತೀಯ ಸೇವೆಗಳ ರಜಾ ನಿಯಮ. ಮೊದಲನೆಯದು ಧಾರಾಳ, ಎರಡನೆಯದು ಬಿಗಿ. 1922ರ ಜನವರಿ 1ರಿಂದ ‘ಫಂಡಮೆಂಟಲ್ ರೂಲ್ಸ್’ ಜಾರಿಗೆ ಬಂದಾಗ ಹೆಸರು ಬದಲಾಯಿತು, ಗೆರೆ ಅಳಿಯಲಿಲ್ಲ. ಒಂದು ‘ವಿಶೇಷ’ ರಜಾ ನಿಯಮ, ಮತ್ತೊಂದು ‘ಸಾಮಾನ್ಯ’ ರಜಾ ನಿಯಮ. ವಿಶೇಷಕ್ಕೆ ಸೇರಲು ಮುಖ್ಯ ಅರ್ಹತೆ, ನೌಕರಿಗೆ ಸೇರಿದ ದಿನ ಏಷ್ಯಾದ ಹೊರಗೆ ನೆಲೆ ಇದ್ದಿರಬೇಕು ಎಂಬುದು. ಮನೆ ದೂರವಿದ್ದವನಿಗೆ ಹೆಚ್ಚು ರಜೆ ಎಂಬ ಮಾತಿನಲ್ಲಿ ನ್ಯಾಯವಿದೆ. ಆದರೆ ಸಮುದ್ರದ ಆಚೆಯ ದೂರವನ್ನು ಅಷ್ಟು ಕಾಳಜಿಯಿಂದ ಅಳೆದ ನಿಯಮ, ಇಲ್ಲಿನವರ ದೂರವನ್ನು ಅದೇ ಮಮತೆಯಿಂದ ಅಳೆಯಲಿಲ್ಲ. ತಿರುನೆಲ್ವೇಲಿಯ ಗುಮಾಸ್ತನನ್ನು ರಂಗೂನಿಗೆ ಹಾಕಿದರೆ ಅವನ ಮನೆಯೂ ಕಡಲಾಚೆಯೇ.

ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರ್ 1863ರಲ್ಲಿ ಪರೀಕ್ಷೆ ಪಾಸಾದರು. ಮುಂಬೈ ಪ್ರಾಂತ್ಯದಲ್ಲಿ ಕೆಲಸ ಮಾಡಿದರು. ಅವರಿಗೆ ಫರ್ಲೋ ಬಂದಾಗ ಅದರ ದಿಕ್ಕು ತಿರುವುಮುರುವು: ಆಳುವವರಿಗೆ ಮನೆಯಾದ ಇಂಗ್ಲೆಂಡ್ ಇವರಿಗೆ ಪರದೇಶ. 1878ರ ಸೆಪ್ಟೆಂಬರಿನಲ್ಲಿ ರಜೆಯ ಮೇಲೆ ಹೊರಟ ಸತ್ಯೇಂದ್ರನಾಥರು ಹದಿನೇಳರ ತಮ್ಮನನ್ನೂ ಹಡಗು ಹತ್ತಿಸಿದರು. ಆ ತಮ್ಮ ರವೀಂದ್ರನಾಥ. ಕವಿಯ ಮೊದಲ ವಿಲಾಯತಿ ಯಾತ್ರೆ ಅಣ್ಣನ ರಜೆಯ ಕೊಡುಗೆ. ಮುಂದೆ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ರವೀಂದ್ರರು ಅಲ್ಲಿಗೂ ಬಂದಿದ್ದರು. ಕಾರವಾರದ ಕಡಲತೀರಕ್ಕೆ ಇಂದು ಅವರ ಹೆಸರಿದೆ.

ಟಿಕೆಟ್ಟಿನ ದುಡ್ಡು

ಬಹುಕಾಲ ಹಡಗಿನ ದರವನ್ನು ಅಧಿಕಾರಿಗಳೇ ಕೊಡಬೇಕಿತ್ತು. ಸಂಬಳ ರೂಪಾಯಿಯಲ್ಲಿ, ಮಕ್ಕಳ ಶಾಲೆಯ ಶುಲ್ಕ ಪೌಂಡಿನಲ್ಲಿ. 1870ರ ದಶಕದ ಮೊದಲಲ್ಲಿ ರೂಪಾಯಿಗೆ ಸುಮಾರು 2 ಶಿಲಿಂಗ್ ಸಿಗುತ್ತಿತ್ತು. ಬೆಳ್ಳಿಯ ಬೆಲೆ ಕುಸಿದು 1890ರ ದಶಕದ ನಡುವಿನ ಹೊತ್ತಿಗೆ ಅದು 1 ಶಿಲಿಂಗ್ ಚಿಲ್ಲರೆಗೆ ಇಳಿಯಿತು. ಊರಿಗೆ ಕಳಿಸುವ ಹಣ ಹತ್ತಿರ ಹತ್ತಿರ ಅರ್ಧವಾಯಿತು. 1893ರಲ್ಲಿ ಸರ್ಕಾರ ಯುರೋಪಿಯನ್ ಅಧಿಕಾರಿಗಳಿಗೆ ವಿನಿಮಯ ಪರಿಹಾರ ಭತ್ಯೆ ಕೊಟ್ಟಿತು.

ಮೊದಲ ಮಹಾಯುದ್ಧದ ನಂತರ ಬೆಲೆ ಏರಿ ಅಸಮಾಧಾನ ಹೆಚ್ಚಿತು. ಲಾರ್ಡ್ ಲೀ ಅಧ್ಯಕ್ಷತೆಯ ಆಯೋಗ 1924ರಲ್ಲಿ ವರದಿ ಕೊಟ್ಟಿತು. ಉನ್ನತ ಸೇವೆಗಳ ಯುರೋಪಿಯನ್ ಅಧಿಕಾರಿಗೆ ಸೇವಾವಧಿಯಲ್ಲಿ 4 ಬಾರಿ ಹೋಗಿಬರುವ ಹಡಗಿನ ಖರ್ಚು, ಹೆಂಡತಿಗೂ ಅಷ್ಟೇ, ಪ್ರತಿ ಮಗುವಿಗೆ ಒಂದು ಬಾರಿಯ ಒಂದು ಕಡೆಯ ಪ್ರಯಾಣ. ‘ಲೀ ರಿಯಾಯಿತಿ’ ಎಂದೇ ಇದು ಹೆಸರಾಯಿತು. ಕೇಂದ್ರ ಶಾಸನಸಭೆಯಲ್ಲಿ ಮೋತಿಲಾಲ್ ನೆಹರೂ ಮುಂದಾಳತ್ವದಲ್ಲಿ ಭಾರತೀಯ ಸದಸ್ಯರು ಇದನ್ನು ವಿರೋಧಿಸಿ ಮತದಲ್ಲಿ ಗೆದ್ದರು. ಆದರೂ ರಿಯಾಯಿತಿ ಜಾರಿಯಾಯಿತು.

ಆ ವಿರೋಧದ ಹಿಂದೆ ಹಳೆಯ ಗಾಯವೊಂದಿತ್ತು. ರಜೆಯ ಮೇಲಿದ್ದ ಅಧಿಕಾರಿಗಳಿಗೆ ಲಂಡನ್ನಿನಲ್ಲಿ ಕೊಡುವ ಸಂಬಳ, ನಿವೃತ್ತರ ಪಿಂಚಣಿ ಎಲ್ಲವೂ ‘ಹೋಮ್ ಚಾರ್ಜಸ್’ ಎಂಬ ಲೆಕ್ಕದಲ್ಲಿ ಭಾರತದ ಬೊಕ್ಕಸದಿಂದ ಹೋಗುತ್ತಿತ್ತು. ದಾದಾಭಾಯಿ ನವರೋಜಿ ದಶಕಗಳ ಕಾಲ ಅಂಕಿ ಅಂಶ ಇಟ್ಟು ಹೇಳಿದ್ದು ಇದನ್ನೇ. ಇಲ್ಲಿ ಗಳಿಸಿ ಇಲ್ಲಿಯೇ ಖರ್ಚು ಮಾಡಿದರೆ ಹಣ ಊರೊಳಗೇ ಸುತ್ತುತ್ತದೆ, ಅಲ್ಲಿಗೆ ಹೋದದ್ದು ಹೋಯಿತು. ಕಂದಾಯ ಕಟ್ಟಲು ಎತ್ತು ಮಾರಿದ ರೈತನಿಗೆ ತನ್ನ ದುಡ್ಡಿನ ಒಂದು ಪಾಲು ಸಮುದ್ರದಾಚೆ ಯಾರದೋ ರಜೆಯ ಖರ್ಚಾಗುತ್ತಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ರಜೆ ಇಲ್ಲದವರು

ಸಾಹೇಬರು ಊರಿಗೆ ಹೊರಟರೆ ಬಂಗಲೆಯ ಅಂಗಳದಲ್ಲಿ ಹರಾಜು ನಡೆಯುತ್ತಿತ್ತು. ಕುರ್ಚಿ, ಮೇಜು, ಪಿಂಗಾಣಿ, ಕುದುರೆ ಎಲ್ಲ ಮಾರಾಟ. ಅಡುಗೆಯವ, ಕುದುರೆ ನೋಡಿಕೊಳ್ಳುವವ, ಮಾಲಿ, ನೀರಿನವ ಇವರ ಕೈಗೆ ಒಂದೊಂದು ‘ಚಿಟ್’, ಅಂದರೆ ಒಳ್ಳೆಯ ಕೆಲಸಗಾರನೆಂಬ ಒಂದು ಚೀಟಿ. ಒಬ್ಬರ ರಜೆ ಹತ್ತು ಜನರ ನಿರುದ್ಯೋಗ. ಮುಂದಿನ ಸಾಹೇಬರ ಬಾಗಿಲಲ್ಲಿ ಆ ಮಾಸಿದ ಚೀಟಿ ಹಿಡಿದು ನಿಲ್ಲುವುದೇ ಅವರ ಪಾಲಿಗೆ ಉಳಿದದ್ದು.

ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಆಯಾ ಬೇಕಿತ್ತು. ಆಯಾ ಎಂಬುದು ಪೋರ್ಚುಗೀಸರಿಂದ ಬಂದ ಪದ. ಸ್ವಂತ ಮಕ್ಕಳನ್ನು ಊರಲ್ಲಿ ಬಿಟ್ಟು, ದೊರೆಸಾನಿಯ ಮಗುವನ್ನು ಎದೆಗವಚಿಕೊಂಡು, ಅಲೆಯ ಹೊಯ್ದಾಟದಲ್ಲಿ ರಾತ್ರಿಯೆಲ್ಲ ಕೂತ ಹೆಂಗಸರವರು. ಲಂಡನ್ ಸೇರಿದ ಮೇಲೆ ಕೆಲವು ಕುಟುಂಬಗಳು ಅವರನ್ನು ವಾಪಸ್ ಟಿಕೆಟ್ ಕೊಡದೆ ಕೈಬಿಟ್ಟವು. ಹಾಗೆ ಬೀದಿಗೆ ಬಿದ್ದವರಿಗೂ, ಮರಳುವ ಹಡಗಿಗೆ ಕಾಯುವವರಿಗೂ ಆಸರೆಯಾಗಿ ‘ಆಯಾಗಳ ಮನೆ’ ಹುಟ್ಟಿತು. 1900ರಿಂದ ಅದು ಲಂಡನ್ನಿನ ಹ್ಯಾಕ್ನಿಯಲ್ಲಿ, ಕಿಂಗ್ ಎಡ್ವರ್ಡ್ಸ್ ರಸ್ತೆಯ 26ನೇ ಸಂಖ್ಯೆಯ ಮನೆಯಲ್ಲಿತ್ತು. ಕರೆತಂದ ಕುಟುಂಬ ಆಯಾಳ ವಾಪಸ್ ಟಿಕೆಟ್ಟನ್ನು ಆ ಮನೆಗೆ ಒಪ್ಪಿಸಬೇಕು. ಭಾರತಕ್ಕೆ ಹೊರಟ ಇನ್ನೊಂದು ಕುಟುಂಬ ಬಂದು ಆಯಾ ಬೇಕೆಂದು ಕೇಳಿದಾಗ ಅವಳಿಗೆ ಊರಿನ ಹಾದಿ ತೆರೆಯುತ್ತಿತ್ತು. ಅಂದರೆ, ತನ್ನ ಮನೆಗೆ ಮರಳಲೂ ಅವಳು ಇನ್ನೊಬ್ಬರ ಮಗುವನ್ನು ಎತ್ತಿಕೊಳ್ಳಲೇಬೇಕಿತ್ತು. 2022ರಲ್ಲಿ ಆ ಮನೆಯ ಗೋಡೆಗೆ ನೀಲಿ ಸ್ಮರಣಫಲಕ ಹಾಕಿದರು.

ಹಡಗಿನ ಹೊಟ್ಟೆಯಲ್ಲಿ ಲಸ್ಕರ್‌ಗಳು, ಅಂದರೆ ಭಾರತದ ಹಡಗು ಕೆಲಸಗಾರರು. ಪಿ ಅಂಡ್ ಓ ಹಡಗುಗಳಲ್ಲಿ ಊಟ ಬಡಿಸುವವರು ಹೆಚ್ಚಾಗಿ ಗೋವಾದವರು. ಬೆಂಕಿಯ ಮುಂದೆ ನಿಂತು ಕಲ್ಲಿದ್ದಲು ಎತ್ತಿ ಹಾಕುವವರಲ್ಲಿ ಬಹಳಷ್ಟು ಮಂದಿ ಪಂಜಾಬ್ ಮತ್ತು ವಾಯವ್ಯ ಗಡಿಯವರು. ಮೇಲಿನ ಅಟ್ಟದಲ್ಲಿ ಸೆಕೆ ತಾಳದೆ ಜನ ಒದ್ದಾಡುವಾಗ ಕೆಳಗೆ ಉರಿಯ ಬಾಯಿಗೆ ಮುಖ ಕೊಟ್ಟು ನಿಂತವರಿವರು. ಸಂಬಳ ಐರೋಪ್ಯ ನಾವಿಕನಿಗಿಂತ ಬಹಳ ಕಡಿಮೆ, ಮಲಗುವ ಜಾಗವೂ ಇಕ್ಕಟ್ಟು. 1915ರ ಡಿಸೆಂಬರ್ 30ರಂದು ಕ್ರೀಟ್ ಬಳಿ ಜರ್ಮನ್ ಜಲಾಂತರ್ಗಾಮಿ ಪಿ ಅಂಡ್ ಓದ ‘ಪರ್ಷಿಯಾ’ ಹಡಗನ್ನು ಮುಳುಗಿಸಿದಾಗ 300ಕ್ಕೂ ಹೆಚ್ಚು ಜನ ಸತ್ತರು. ಪ್ರಯಾಣಿಕರ ಜೊತೆ ಲಸ್ಕರ್‌ಗಳೂ ಸತ್ತರು. ಆ ದಾರಿಯ ಕಥೆ ಹೇಳುವ ಪುಸ್ತಕಗಳಲ್ಲಿ ಮೊದಲ ದರ್ಜೆಯವರ ಹೆಸರು ಮತ್ತೆ ಮತ್ತೆ ಬರುತ್ತದೆ, ಕುಲುಮೆಯ ಮುಂದಿದ್ದವರ ಹೆಸರು ಹುಡುಕಬೇಕಾಗುತ್ತದೆ.

ಸ್ವಗ್ರಾಮ ಎಂಬ ಕಾಲಂ

1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಲಂಡನ್-ಕರಾಚಿ ವಿಮಾನ ಸೇವೆ ಆರಂಭಿಸಿದಾಗ ಆ ಹಾದಿ ಒಂದು ವಾರಕ್ಕೆ ಇಳಿಯಿತು. ಎರಡನೇ ಮಹಾಯುದ್ಧದಲ್ಲಿ ಮೆಡಿಟರೇನಿಯನ್ ಅಪಾಯವಾಗಿ ಹಡಗುಗಳು ಮತ್ತೆ ಆಫ್ರಿಕಾ ಸುತ್ತಿದವು, ಎಷ್ಟೋ ಅಧಿಕಾರಿಗಳು ವರ್ಷಗಟ್ಟಲೆ ಊರು ಕಾಣಲಿಲ್ಲ. 1947ರಲ್ಲಿ ಅವರಲ್ಲಿ ಹೆಚ್ಚಿನವರು ವಾಪಸ್ ಬರುವ ಟಿಕೆಟ್ ಇಲ್ಲದೆ ಹಡಗು ಹತ್ತಿದರು.

ನಿಯಮಪುಸ್ತಕ ಮಾತ್ರ ಇಲ್ಲೇ ಉಳಿಯಿತು. ಫಂಡಮೆಂಟಲ್ ರೂಲ್ಸ್‌ನ ಹೆಸರು ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಕರ್ನಾಟಕದ ನೌಕರರಿಗೆ 1958ರ ನಾಗರಿಕ ಸೇವಾ ನಿಯಮಗಳಿವೆ. ಗಳಿಕೆ ರಜೆ, ಅರ್ಧವೇತನ ರಜೆ, ಪರಿವರ್ತಿತ ರಜೆ, ಅಸಾಧಾರಣ ರಜೆ, ವರ್ಗವಾದಾಗಿನ ಸೇರಿಕೆ ಕಾಲ: ಈ ವಿಂಗಡಣೆಗಳ ಹಿಂದೆ ಹಡಗಿನ ವೇಳಾಪಟ್ಟಿಯ ನೆರಳಿದೆ. ರಜೆಯನ್ನು ವರ್ಷಗಟ್ಟಲೆ ಕೂಡಿಡಬಹುದು ಎಂಬ ಕಲ್ಪನೆ, ಐದು ವರ್ಷಕ್ಕೊಮ್ಮೆ ಸಮುದ್ರ ದಾಟುವವನಿಗಾಗಿ ಹುಟ್ಟಿದ್ದು. ನಾವು ಅದನ್ನು ಕೂಡಿಟ್ಟು ನಿವೃತ್ತಿಯ ದಿನ ನಗದು ಮಾಡಿಕೊಳ್ಳುತ್ತೇವೆ. 1956ರಲ್ಲಿ ಕೇಂದ್ರ ಸರ್ಕಾರ ರಜಾ ಪ್ರಯಾಣ ರಿಯಾಯಿತಿ ತಂದಿತು. ದೂರದಲ್ಲಿ ದುಡಿಯುವವನು ಹೆಂಡತಿ ಮಕ್ಕಳೊಂದಿಗೆ ತನ್ನ ಊರು ನೋಡಿಬರಲು ಸರ್ಕಾರ ಖರ್ಚು ಕೊಡಬೇಕೆಂಬ ಲೀ ಕಾಲದ ತತ್ವವೇ ಇದು. ಒಂದು ದೊಡ್ಡ ಬದಲಾವಣೆಯೆಂದರೆ, ಈಗ ‘ಸ್ವಗ್ರಾಮ’ ಎಂಬ ಕಾಲಮ್ಮಿನಲ್ಲಿ ಹುಮನಾಬಾದ್, ಸಾಗರ, ಕೊಳ್ಳೇಗಾಲ ಎಂದು ಬರೆಯಬಹುದು. ಜವಾನನಿಗೂ ಸ್ವಗ್ರಾಮವಿದೆ. ಇದು ಸಣ್ಣ ಗೆಲುವಲ್ಲ.

ಉಳಿದುಹೋದದ್ದೂ ಇದೆ. ‘ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ’ ಎಂಬ ಫಂಡಮೆಂಟಲ್ ರೂಲ್ಸ್‌ನ 67ನೇ ನಿಯಮದ ಸಾರ ನಮ್ಮ ರಾಜ್ಯದ ನಿಯಮಗಳಲ್ಲೂ ಹಾಗೆಯೇ ಇದೆ. ಯಾವುದೇ ತಾಲ್ಲೂಕು ಕಚೇರಿಯಲ್ಲಿ ಒಂದು ರಜಾ ಅರ್ಜಿ ಎತ್ತಿ ಓದಿ. ಎರಡು ದಿನದ ಸಿ.ಎಲ್. ಕೇಳುವ ದ್ವಿತೀಯ ದರ್ಜೆ ಸಹಾಯಕಿ ಕೊನೆಯಲ್ಲಿ ಬರೆದಿರುತ್ತಾರೆ: ಭಾನುವಾರವನ್ನು ಹಿಂದೆ ಸೇರಿಸಿಕೊಂಡು ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕಾಗಿ ಕೋರುತ್ತೇನೆ. ಕೆಳಗೆ ರಜೆಯ ಅವಧಿಯ ವಿಳಾಸ. ರಜೆ ಎಂಬ ಪದದ ಹುಟ್ಟರ್ಥ ಆ ಒಂದು ವಾಕ್ಯದಲ್ಲಿ ಇನ್ನೂ ಉಸಿರಾಡುತ್ತಿದೆ. ತಾಯಿಗೆ ಹುಷಾರಿಲ್ಲ ಎಂದು ಊರಿಗೆ ಹೊರಟವರು ಅಪ್ಪಣೆ ಬೇಡಬೇಕು.

ಅಷ್ಟಾದರೂ ಅವರಿಗೆ ಅರ್ಜಿ ಎಂಬುದಿದೆ, ಸೇವಾ ಪುಸ್ತಕದಲ್ಲಿ ಒಂದು ಲೆಕ್ಕವಿದೆ. ಆಯಾಗಳ ಮನೆಯ ಕಥೆ ಓದಿದ ಮೇಲೆ ನನ್ನ ಕಣ್ಣು ಹೋಗುವುದು ಆ ಲೆಕ್ಕದ ಹೊರಗಿರುವವರ ಕಡೆಗೆ. ರಾಯಚೂರು, ಯಾದಗಿರಿಯಿಂದ ಗುಳೆ ಬಂದು ಬೆಂಗಳೂರಿನ ಕಟ್ಟಡಗಳ ನೆರಳಲ್ಲಿ ತಗಡಿನ ಗೂಡು ಕಟ್ಟಿಕೊಂಡವರಿಗೆ ಯಾವ ಸ್ವಗ್ರಾಮದ ಕಾಲಂ ಇದೆ? ನಮ್ಮ ಮಕ್ಕಳನ್ನು ಎತ್ತಿ ಆಡಿಸಿ, ಪಾತ್ರೆ ತಿಕ್ಕಿ, ಸಂಜೆ ತಮ್ಮ ಮಕ್ಕಳ ಮುಖ ನೋಡಲು ಓಡುವ ಹೆಂಗಸು ಊರಹಬ್ಬಕ್ಕೆ ನಾಲ್ಕು ದಿನ ಹೋದರೆ ಸಂಬಳ ಹಿಡಿಯುವ ಮನೆಗಳು ಎಷ್ಟಿಲ್ಲ? ದೊರೆಗಳ ನಿಯಮಪುಸ್ತಕ ಕಲಿಸಿದ ಒಳ್ಳೆಯ ಪಾಠ ಒಂದಿದೆ: ದೂರದಲ್ಲಿ ದುಡಿಯುವ ಮನುಷ್ಯನಿಗೆ ಊರಿದೆ, ಅಲ್ಲಿಗೆ ಹೋಗಿಬರುವ ಕಾಲಕ್ಕೂ ಕೂಲಿ ಸಲ್ಲಬೇಕು, ದಾರಿಯ ಖರ್ಚೂ ಸಿಗಬೇಕು. ಅವರು ಅದನ್ನು ತಮ್ಮವರಿಗಷ್ಟೇ ಬರೆದುಕೊಂಡರು. ನಾವು ಅದನ್ನು ನಮ್ಮ ಅಡುಗೆಮನೆಯಿಂದಲೇ ಬರೆಯಲು ಶುರುಮಾಡಬಹುದು. ಮುಂದಿನ ಜಾತ್ರೆಗೆ ಊರಿಗೆ ಹೋಗುತ್ತೇನಕ್ಕ ಎಂದು ಆಕೆ ಬಾಗಿಲಲ್ಲಿ ನಿಂತಾಗ, ಪೂರ್ತಿ ಸಂಬಳದ ಜೊತೆ ಬಸ್ಸಿನ ಚಾರ್ಜನ್ನೂ ಕೈಗಿಟ್ಟು, ಮಕ್ಕಳು ಹೇಗಿದ್ದಾರೆ ಎಂದು ಕೇಳಿ ಕಳಿಸೋಣ.